ಎರಡು ತಿದಿ

ಉದ್ಯಮಬಾಗದೊಳಗ, ಫೌಂಡ್ರಿ ದಾಟಿದ ಮ್ಯಾಲೆ ಮೂರನೇ ಶೆಡ್ಡು.
ಪಾರಿಸ ಚೌಗುಲೆ ನನ್ನ ಸ್ಯಾಂಟ್ರೋದ ಹಿಂದಿನ ಗಾಲಿ ಬಿಚ್ಚಿ
ಸ್ಪ್ರಿಂಗಿಗೆ ಪಾನಾ ಬಡಿದ. ಠಣ್ ಅನಲಿಲ್ಲ.
"ದಣದದ ಸರ್. ಏನ್ ಹೇರತೀರಿ ಇದರಾಗ?"

ಪೇಟಿ, ಅಂದೆ.
ನಾಕು, ಒಮ್ಮೊಮ್ಮೆ ಐದು ಹಾರ್ಮೋನಿಯಂ,
ಹಳೆ ಕೌದಿ ಸುತ್ತಿ, ಮಗ್ಗಲಕ್ಕ ಮಗ್ಗಲ ಹಚ್ಚಿ ಮಲಗಿಸಿ.
ಶಹಾಪುರದ ಅಂಗಡ್ಯಾಗ ಸ್ವರ ಕೂಡಿಸಿ ಹೊಂಟರ
ಖಾನಾಪುರ ಮುಟ್ಟೂದರೊಳಗ
ಕರಿ ಎರಡರ ಸಾ ಕೂದಲೆಳೆಯಷ್ಟು ಇಳಿದಿರತದ.
ಭಜನಾ ಮಂಡಳಿಯವರಿಗೆ ಗೊತ್ತಾಗೂದಿಲ್ಲ.
ನನಗ ಮಾತ್ರ ಅನ್ನದಾಗ ಹಳ್ಳು ಕಡಿದಂಗ.

ಪಾರಿಸ ಫೋನಿನಾಗ ಚಿತ್ರ ತೋರಿಸಿದ:
ನಾಕೂ ಗಾಲಿಗೆ ಗಾಳಿಚೀಲ, ಡಿಕ್ಕಿಯೊಳಗ ಟಾಕಿ,
ಕಂಪ್ರೆಸರು, ವಾಲ್ವು, ಕೈಯಾಗೊಂದು ರಿಮೋಟು.
ಗುಂಡಿ ಒತ್ತಿದರ ಕಾರು ಎಮ್ಮೀಗತೆ ಮಲಗತದ,
ಮತ್ತೊಮ್ಮೆ ಒತ್ತಿದರ ಎದ್ದು ಮೈ ಝಾಡಿಸತದ.
ಕ್ಯಾಂಪಿನ ಹುಡುಗೊಬ್ಬ ಹಾಕಿಸಿಕೊಂಡಾನಂತ,
ರವಿವಾರ ಸಂಜೀಕ
ನೆಲಕ್ಕ ಮುತ್ತು ಕೊಟಗೋತ ಹೋಗತಾನಂತ,
ಆರ್‌ಟಿಓದವರು ಕಂಡರಷ್ಟ ಎತ್ತರ ಆಗತಾನಂತ.
ಕಿಮ್ಮತ್ತು ಕೇಳಿದೆ. ನನ್ನ ಕಾರು ಮಾರಿದರೂ ಮುಟ್ಟೂದಿಲ್ಲ.

ಇರಲಿ, ಕಂಪ್ರೆಸರು ಹಚ್ಚಿ ಕೇಳಿಸು ಅಂದೆ.
ಕಣ್ಣು ಮುಚ್ಚಿದೆ. ಬಿಳಿ ಮೂರು, ಸ್ವಲ್ಪ ಕೆಳಗ.
ಇದರ ಜೋಡಿ ದಿನಾ ಹೆಂಗ ಬಾಳೇ ಮಾಡೂದು?
ಮ್ಯಾಲೆ, ಟಾಕಿ ಕುಂಡ್ರೂ ಜಾಗಾ
ಪೇಟಿ ಮಲಗೂ ಜಾಗಾ.

"ಹಂಗಾರ ಇವು ನೋಡ್ರಿ" ಅಂದು
ಎರಡು ಕೆಂಪು ಚೀಲ ನನ್ನ ಅಂಗೈ ಮ್ಯಾಲೆ ಇಟ್ಟ.
ಹಿಂದಿನ ಸ್ಪ್ರಿಂಗಿನ ಹೊಟ್ಟಿಯೊಳಗ ತುರುಕೂವು,
ಸೈಕಲ್ ಪಂಪಿನಿಂದ ಊದೂವು.
ಪೇಟಿ ಇದ್ದಾಗ ಹನ್ನೆರಡು ಪೌಂಡು, ಇಲ್ಲದಾಗ ಐದು,
ಪೂರ್ತಿ ಖಾಲಿ ಯಾವತ್ತೂ ಬಿಡಬಾರದು.
ಒತ್ತಿ ನೋಡಿದೆ.
ಅಪ್ಪನ ಕುಲುಮಿಯ ತಿದಿ ಹಿಂಗೇ ಇತ್ತು, ಭಾಳ ದೊಡ್ಡದು,
ಎಮ್ಮಿ ತೊಗಲಿಂದು; ಮೊದಲ ಒಂದು ಕೆಮ್ಮು, ಆಮ್ಯಾಲೆ ಕಿಡಿ.
ಅವನ ಮಕ್ಕಳು ನಾವು ಗಾಳಿ ಬಿಡಲಿಲ್ಲ,
ಬೆಂಕಿಯಷ್ಟ ಬಿಟ್ಟಿವಿ.

ಇನ್ನೊಂದು ಮಾತು ಉಳಿದಿತ್ತು:
ಎರಡೂ ಚೀಲಕ್ಕ ನಳಿಗಿ ಒಂದೋ, ಬ್ಯಾರೆ ಬ್ಯಾರೆಯೋ?
ಒಂದೇ ಇರಲಿ ಅಂದೆ. ಪೇಟಿಯೊಳಗ ಎರಡು ಸಾಲು ರೀಡಿಗೆ
ತಿದಿ ಒಂದೇ ಅಲ್ಲೇನು? ಹಂಚಿಕೊಂಡು ಉಣ್ಣತಾವು.
ಅವ ಏನೂ ಅನಲಿಲ್ಲ. ಎರಡನ್ನೂ ಒಂದೇ ನಳಿಗಿಗೆ ಜೋಡಿಸಿ
ಒಂದು ನನ್ನ ಕೈಯಾಗ ಕೊಟ್ಟು, ಹಿಚುಕ್ರಿ ಅಂದ.
ಹಿಚುಕಿದೆ. ಅವನ ಕೈಯಾಗಿಂದು ಉಬ್ಬಿತು.

"ತಿರುವಿನಾಗ ಹಿಂಗ ಆಗೂದು.
ಭಾರ ಬಿದ್ದವನ ಉಸುರು
ಆರಾಮ ಇದ್ದವನ ಕಡೆ ಓಡತದ.
ಗಾಡಿ ಮತ್ತಷ್ಟು ವಾಲತದ."

ಚೀಲ ಹಿಡಕೊಂಡೇ ನಿಂತೆ.
ಹೊರಗ ಲೇಥಿನ ಸಪ್ಪಳ.
ಅಣ್ಣ ಕಾಳಪ್ಪ, ನಾನು,
ಹದಿನಾರು ವರ್ಷ ಒಂದೇ ಗಲ್ಲೆ.

ಬ್ಯಾರೆ ಬ್ಯಾರೆ ಹಾಕು, ಅಂದೆ.

ಇರ್ಷಾದ ಬ್ರಷ್ಷು ಅದ್ದಿ ಸಾಬೂನು ನೀರು ಹಚ್ಚತಿದ್ದ.
ಗುಳ್ಳಿ ಏಳೂಕಿಂತ ಮೊದಲ ಕೇಳಿತು ನನಗ,
ಬಲಗಡೆ, ನಿಪ್ಪಲ್ಲಿನ ಬುಡಕ್ಕ, ಸಣ್ಣ ಸುಯ್ಲು.
ಅಲ್ಲಿ ಅಂದೆ. ಅಲ್ಲೇ ಗುಳ್ಳಿ ಎದ್ದಿತು.
ಪಾರಿಸ ಬಿಲ್ ಬರೆಯೂದು ನಿಲ್ಲಿಸಿ ಹೆಸರು ಕೇಳಿದ.
ಮೌನೇಶ, ಅಂದೆ. ನಕ್ಕ.

ಪೀರನವಾಡಿ ದಾಟಿತು, ಮಚ್ಛೆ ದಾಟಿತು.
ಕುಣಿ ಬಂದಲ್ಲಿ ಕಾರು ಹೂಂ ಅಂದಂಗ ಆಗಿ
ಎಡದ ಚೀಲ ತನ್ನಷ್ಟಕ್ಕ, ಬಲದ್ದು ತನ್ನಷ್ಟಕ್ಕ.
ಬೇವಿನ ಮರದ ಬುಡಕ್ಕ ನಿಲ್ಲಿಸಿ
ಡಿಕ್ಕಿ ತೆಗೆದು, ಕೌದಿ ಸರಿಸಿ, ಸಾ ಒತ್ತಿದೆ.
ನಿಂತಿತ್ತು.
ಪಾ ಒತ್ತಿದೆ. ಕೂದಲೆಳೆ ಕೆಳಗ.

ಅದು ರಸ್ತೇದಲ್ಲ.
ನಿನ್ನೆ ರಾತ್ರಿ ಬುಡಕ್ಕ ಒಂದು ಎಳತ
ಜಾಸ್ತಿ ತಿಕ್ಕಿದ ನನ್ನ ಅರದ್ದು.