ಲೈನ್‌ಮನ್ ಮೇಣ ಕಾಯಿಸುವಾಗ

ಮೂವತ್ತೆರಡು ವರ್ಷ ಕರೆಂಟು ಕಂಬ ಹತ್ತಿದವನು ನಾನು,
ಜೆರೊನಿಮಾಸ್. ಮೆರ್ಕಿಸ್ ನದಿಯ ಈಚೆ ದಡದ
ಹದಿನಾಲ್ಕು ಹಳ್ಳಿಗೆ ಬೆಳಕು ಎಳೆದು ತಂದವನು.
ಈಗ ನೋಡು,
ಅಡುಗೆಮನೆಯ ಸ್ವಿಚ್ಚು ಆರಿಸಿ ಕೂತು
ಅಗಸೆನಾರಿನ ಬತ್ತಿಗೆ ಮೇಣ ಹೊಯ್ಯುತ್ತಿದ್ದೇನೆ,
ಒಂದು ಸೌಟು; ಆರಲಿ; ಇನ್ನೊಂದು ಸೌಟು.

ಅವಸರ ಮಾಡಿದರೆ ಮೇಣ ಮುನಿಯುತ್ತದೆ.
ಕುದಿಸಿದೆಯೋ ಕೆಟ್ಟಿತು: ಬಣ್ಣ ಕಂದಿ,
ಪರಿಮಳ ಹಾರಿ ಸೂರು ಸೇರುತ್ತದೆ.
ಮಳೆನೀರಲ್ಲೇ ತೊಳೆಯಬೇಕು, ಬಾವಿನೀರು ಆಗದು.
ಹಳೇ ಲಂಗದ ಬಟ್ಟೆಯಲ್ಲಿ ಸೋಸಬೇಕು.
ಸೋಸಿದರೂ ಒಂದು ಕಾಲು, ಒಂದು ರೆಕ್ಕೆಯ ಚೂರು
ಬತ್ತಿಯ ಪಕ್ಕ ಉಳಿದೇ ಉಳಿಯುತ್ತದೆ,
ಕೆಲಸದವರು ಗೋಡೆಯಲ್ಲಿ ಮರೆತ ಮೊಳೆಯ ಹಾಗೆ.

ಹದಿನೈದು ದಿನದ ಹುಡುಗಿಯರು ಅವರು, ಮೇಣದವರು.
ಒಬ್ಬಳ ಕಾಲು ಇನ್ನೊಬ್ಬಳು ಹಿಡಿದು
ಪೆಟ್ಟಿಗೆಯ ಕತ್ತಲಲ್ಲಿ ಸರಪಳಿಯಾಗಿ ತೂಗುತ್ತಾರೆ.
ಯಾಕೋ ಗೊತ್ತಿಲ್ಲ. ಓದಿದವರನ್ನು ಕೇಳಿದೆ,
ಅವರಿಗೂ ಗೊತ್ತಿಲ್ಲ.
ಹೊಟ್ಟೆಯ ಮಡಿಕೆಯಿಂದ ಮೀನಿನ ಹುರುಪೆಯಂಥ ಚಕ್ಕೆ,
ಬಾಯಲ್ಲಿ ನುರಿದು, ಎಂಜಲಲ್ಲಿ ನಾದಿ,
ಆರು ಮೂಲೆಯ ಮನೆ.
ನಾನೂ ಸೊಂಟಕ್ಕೆ ಪಟ್ಟಿ ಬಿಗಿದು ಎತ್ತರದಲ್ಲಿ ತೂಗಿದವನೇ;
ನನ್ನ ಮೈಯಿಂದ ಬಂದದ್ದು ಬೆವರು ಮಾತ್ರ.

ನಮ್ಮ ಲಿಥುವೇನಿಯದ ಮಾತಿನಲ್ಲಿ
ದನ ಸಾಯುತ್ತದೆ, ನಾಯಿ ಸಾಯುತ್ತದೆ, ತೋಳ ಸಾಯುತ್ತದೆ.
ಮನುಷ್ಯ ತೀರಿಕೊಳ್ಳುತ್ತಾನೆ.
ಜೇನೂ ತೀರಿಕೊಳ್ಳುತ್ತದೆ.
ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ
(ಈಗ ಮಾರುತ್ತಾರೆ, ಆ ಮಾತು ಬೇರೆ).
ನಿಮ್ಮ ಹಿಂಡು ಎದ್ದು ಯಾರ ಅಂಗಳದಲ್ಲಿ ಕೂರುತ್ತದೋ
ಅವರು ನಿಮಗೆ ಬಿಚುಲಿಸ್, ಜೇನುನೆಂಟರು.
ರಕ್ತದ ನೆಂಟರಿಗಿಂತ ಒಂದು ಕೈ ಮೇಲು:
ಅವರೊಡನೆ ಜಗಳ ಆಡಬಹುದು, ಇವರೊಡನೆ ಆಡಬಾರದು.

ನನ್ನ ಹಿಂಡು ಹೋಗಿ ಕೂತದ್ದು ಪೆತ್ರೊನೆಲೆಯ ಸೇಬಿನ ಕೊಂಬೆಗೆ.
ಇಡೀ ಊರಲ್ಲಿ ಬೇರೆ ಮರವೇ ಇರಲಿಲ್ಲವೇ?
ಹನ್ನೊಂದು ವರ್ಷದ ಹಿಂದೆ, ಜನವರಿಯಲ್ಲಿ,
ಬಿಲ್ಲು ಕಟ್ಟಿಲ್ಲವೆಂದು ಅವಳ ಮನೆಯ ತಂತಿ ಕಡಿದವನು ನಾನು.
ಆಫೀಸಿನ ಆದೇಶ. ಕಾಗದ ತೋರಿಸಿದ್ದೆ.
ಏಣಿ ಇಳಿಯುವಾಗ ಕಿಟಕಿಯಲ್ಲಿ ನಿಂತಿದ್ದಳು.
ಅಂದಿನಿಂದ ಚರ್ಚಿನಲ್ಲೂ ನನ್ನ ಸಾಲಿಗೆ ಬಂದವಳಲ್ಲ.

ಬುಟ್ಟಿ, ಬಿಳಿಬಟ್ಟೆ ಹಿಡಿದು ಗೇಟಿನ ಹೊರಗೆ ನಿಂತೆ.
ಹಿಂಡು ಗಡ್ಡದಂತೆ ಜೋತಿತ್ತು, ಬಿಸಿಲಿಗೆ ಮಿರುಗುತ್ತಿತ್ತು.
ಅವಳು ಬಂದಳು. ಮಾತಿಲ್ಲ.
ಕೊಂಬೆ ಬಗ್ಗಿಸಿ ಹಿಡಿದಳು.
ಇಬ್ಬರ ತೋಳ ಮೇಲೂ ಅವು ನಡೆದಾಡಿದವು,
ಬೇಲಿಗೀಲಿ ಕೇಳದೆ.
ಅವಳ ಅಂಗಳದಲ್ಲೇ ಪೆಟ್ಟಿಗೆ ಇಳಿಸಿದೆ. ತುಪ್ಪ ಅರ್ಧ, ಮೇಣ ಅರ್ಧ.

ಫೆಬ್ರವರಿ ಎರಡಕ್ಕೆ ಪಾದ್ರಿ ಬತ್ತಿ ಮಂತ್ರಿಸಿ ಕೊಡುತ್ತಾರೆ,
ಗುಡುಗಿಗೊಂದು, ಕಣ್ಣು ಮುಚ್ಚುವವರ ಕೈಗೊಂದು.
ಅವಳ ಪಾಲಿನ ಮೇಣದ ಎರಡು ಬತ್ತಿ
ಕಾಗದದಲ್ಲಿ ಸುತ್ತಿ ಒಯ್ದೆ.
ಮೂಸಿದಳು. ಉಗುರಿಂದ ಕೆರೆದಳು.
"ಇದರ ಬಿಲ್ಲು ಎಷ್ಟಾಯಿತು?" ಎಂದಳು.
ಹನ್ನೊಂದು ವರ್ಷಕ್ಕೆ ಮೊದಲ ಮಾತು.
ನಗಬೇಕೋ ಬೇಡವೋ ತಿಳಿಯಲಿಲ್ಲ; ಅವಳೂ ತಿಳಿಸಲಿಲ್ಲ.

ಜುಲೈ ಗುಡುಗಿಗೆ ಊರಿಗೂರೇ ಕತ್ತಲಾಯಿತು.
ಕೆಟ್ಟ ಕಂಬ ಯಾವುದೆಂದು ಕೂತಲ್ಲೇ ಹೇಳಬಲ್ಲೆ;
ಏಣಿ ಈಗ ನನ್ನದಲ್ಲ.
ಬೇಲಿಯಾಚೆ ಒಂದೇ ಒಂದು ಕಿಟಕಿ ಹಳದಿಗಿತ್ತು,
ಅದೇ ಕಿಟಕಿ.
ನನ್ನ ಬತ್ತಿಯನ್ನು ಹಚ್ಚಲು ಮರೆತು
ಅದು ಮುಗಿಯುವವರೆಗೂ ನೋಡಿದೆ.

ಈಗ ಮತ್ತೆ ಹಿಮ. ಸಂಜೆ ಪೆಟ್ಟಿಗೆಗೆ ಕಿವಿ ಹಚ್ಚಿದೆ:
ಒಳಗೆ ರಾಣಿಯ ಸುತ್ತ ಮುದುಡಿ ಕೂತು
ಟ್ರಾನ್ಸ್‌ಫಾರ್ಮರಿನ ಅದೇ ಗುಂಯ್.
ಲೋಡು ಸರಿಯಾಗಿದೆ.
ಸೌಟು ಎಲ್ಲಿಟ್ಟೆ? ಹಾಂ,
ಇನ್ನೊಂದು ಪದರ.