ಬ್ರಿಕ್ಸಮ್ ಧಕ್ಕೆಯಲ್ಲಿ ಸಾಯುವುದು

ನಮ್ಮ ಕಡಲ್ಗಳ್ಳರ ದಂಡಿನಲ್ಲಿ
ಈ ವರ್ಷವೂ ನಾನೇ ಸಾಯಬೇಕಂತೆ.
ಕಪ್ತಾನಿ ಗ್ಲೆನಿಸಳ ಅಪ್ಪಣೆ.
ವಾರವೆಲ್ಲ ಪಾರ್ಕಿಂಗ್ ದಂಡ ಬರೆಯುವವಳು;
ರಸೀದಿ ಕೊಡದೆ ದೋಚುವುದು ಶನಿವಾರ ಮಾತ್ರ.

ಕೋಟಿಗೆ ಹನ್ನೊಂದು ಗುಂಡಿ, ಎಲ್ಲ ತವರದ್ದು,
ಚಳಿಗಾಲವಿಡೀ ಕೂತು ನಾನೇ ಹೊಲಿದದ್ದು.
ಪ್ಲಾಸ್ಟಿಕ್ ಕೊಕ್ಕೆ ಸಿಕ್ಕಿಸಿಕೊಂಡು ಬಂದ ಹೊಸ ಹುಡುಗನಿಗೆ
ಜೋರಿ ಒಂದು ಗಂಟೆ ಬುದ್ಧಿ ಹೇಳಿದ,
ಆಮೇಲೆ ತನ್ನ ಬೂಟನ್ನೇ ಬಿಚ್ಚಿ ಕೊಟ್ಟ.

ಮದ್ದಿನ ಹೊಗೆ. ಕಡಲಕ್ಕಿಗಳ ಬೈಗುಳ.
ಬಿದ್ದೆ.
ಮೇಲಿಂದ ನೋಡಿದವರಿಗೆ ಹೆಣ;
ಕೆಳಗೆ ಬಿದ್ದವನಿಗೆ ಬರೀ ಆಕಾಶ,
ಯಾರದೋ ಚಿಪ್ಸಿನ ವಿನೆಗರ್ ವಾಸನೆ,
ಸೊಂಟಕ್ಕೆ ಒತ್ತುವ ಒಂದು ಕಲ್ಲು,
ಸತ್ತವರು ಹೊರಳುವಂತಿಲ್ಲ.
ಮನೆಯ ಹಾಸಿಗೆಯಲ್ಲೂ
ಇಷ್ಟು ನಿಶ್ಚಿಂತೆಯಾಗಿ ಮಲಗಿದ್ದು ನೆನಪಿಲ್ಲ.

ಪುಟ್ಟ ಹುಡುಗಿಯೊಬ್ಬಳು ಬಗ್ಗಿ ಕೇಳಿದಳು:
ಸತ್ತಿದ್ದೀಯಾ?
ಹೂಂ, ಚಹಾ ಬರುವವರೆಗೆ.
ಅವಳು ಅಳೆದು ನೋಡಿದಳು, ಒಪ್ಪಿದಳು.
ಗ್ಲೆನಿಸ್ ಸೀಟಿ ಊದುವತನಕ
ನನ್ನ ಮುಖಕ್ಕೆ ಬಿಸಿಲು ಬೀಳದ ಹಾಗೆ
ಅಲ್ಲೇ ನಿಂತಿದ್ದಳು,
ಐಸ್‌ಕ್ರೀಮ್ ನನ್ನ ಗುಂಡಿಗಳ ಮೇಲೆ ತೊಟ್ಟಿಕ್ಕುತ್ತಿತ್ತು.