ಎಡಗೈ ಗಂಟು

ನಲವತ್ತು ವರ್ಷ ಒಣಮೀನು ಮಾರಿದ ಜೈನಬಾ ಅತ್ತೆ
ಸಮುದ್ರ ಕಂಡವಳಲ್ಲ.
ದಿಯುರ್ಬೆಲ್ ಸಂತೆಯಲ್ಲಿ ಅವಳ ಜಾಗ
ಕಡಲೆಕಾಯಿ ಮಿಲ್ಲಿನ ಗೋಡೆಗೆ ಒತ್ತಿಕೊಂಡಿದೆ;
ಕಣ್ಣು ಕಾಣದವರೂ ಮೂಗಿನ ಜಾಡು ಹಿಡಿದು
ನೇರ ಅವಳ ಮುಂದೆ ಬಂದು ನಿಲ್ಲುತ್ತಾರೆ.

"ಜಿಬಿ, ನಿನ್ನ ಗಾಡಿ ಓಡುತ್ತದೋ, ಬರೀ ಕೆಮ್ಮುತ್ತದೋ?"
ಎಂದು ಗುರುವಾರ ಕೇಳಿದಳು.
ಭಾನುವಾರ ಬೆಳಗಿನ ನಮಾಜು ಮುಗಿಸಿ
ಗಂಜಿ ಹಾಕಿದ ಹಳದಿ ಬೂಬು ತೊಟ್ಟು
ಮುಂದಿನ ಸೀಟಿನಲ್ಲಿ ಕೂತಳು.
ಬೂಬು ಹರಡಿ ಗೇರೇ ಕಾಣದಾಯಿತು.
ಗೇರು ಬದಲಿಸಲು ಪ್ರತಿ ಸಲ ಬಟ್ಟೆಯಡಿ ತಡಕಿದೆ,
ಪ್ರತಿ ಸಲ ಬೈಸಿಕೊಂಡೆ.

ತಿಯೆಸ್ ತಲುಪುವ ಮೊದಲೇ ಕಟಕಟ ಸದ್ದು.
ಚಕ್ರದ ನಟ್ಟೇ? ಸೈಲೆನ್ಸರೇ? ಅಪ್ಪನ ಕಾಲದ ಪೆಜೊ,
ಅದರಲ್ಲಿ ಸದ್ದು ಮಾಡದಿರುವುದು ಹಾರನ್ನೊಂದೇ.
ಎರಡು ಸಲ ಬಾವೊಬಾಬ್ ಮರದಡಿ ನಿಲ್ಲಿಸಿ
ಗಾಡಿಯ ಕೆಳಗೆ ಅಂಗಾತ ಮಲಗಿ ಎದ್ದೆ.
ಅತ್ತೆ ಕೋಲಾ ಬೀಜ ಅಗಿಯುತ್ತ ನೋಡಿದಳು,
ಕಾಲ ಬಳಿಯ ಹಾಲಿನಪುಡಿ ಡಬ್ಬವನ್ನು
ಬೂಬಿನ ಅಂಚಿನಿಂದ ಮುಚ್ಚಿದಳು.

"ಗಂಟಿನ ಕಥೆ ಗೊತ್ತ?" ಎಂದಳು ಆಮೇಲೆ.
ಕಯಾರಿನಿಂದ ಲಾರಿಯಲ್ಲಿ ಬರುವ ಚೀಲಗಳಲ್ಲಿ
ಕೆಲವಕ್ಕೆ ನೀಲಿ ಬಲೆದಾರ, ಎಡಕ್ಕೆ ಎಳೆದ ಗಂಟು.
ಅವಸರ ಮಾಡಿದರೆ ಇನ್ನೂ ಬಿಗಿಯುತ್ತದೆ.
ಹದಿನೆಂಟು ವರ್ಷ ಆ ಗಂಟಿನೊಡನೆ ಬೆಳಗಾಗಿದೆ ಅವಳಿಗೆ;
ಗಂಡನೊಡನೆ ಆದದ್ದು ಒಂಬತ್ತು.
ಹೋದ ರಂಜಾನಿನಿಂದ ಅದೇ ದಾರ,
ಗಂಟು ಮಾತ್ರ ಬಲಕ್ಕೆ, ಸಡಿಲ,
ಮಕ್ಕಳು ಬೂಟಿಗೆ ಕಟ್ಟಿಕೊಂಡ ಹಾಗೆ.
"ಮೀನು ಅದೇ. ಕೈ ಯಾರದು?"

ರಸ್ತೆ ಮುಗಿದಲ್ಲಿ ಕಯಾರ್.
ಕುದುರೆಗಾಡಿಗಳು ಮರಳಲ್ಲಿ ಕಾದಿದ್ದವು;
ಎದೆಮಟ್ಟ ನೀರಿಗಿಳಿದ ಹುಡುಗರು
ತಲೆಯ ಮೇಲೆ ಬೂತಾಯಿ ಪೆಟ್ಟಿಗೆ ಹೊತ್ತು ಓಡಿಬರುತ್ತಿದ್ದರು,
ದೋಣಿಗಳ ಮೂಗಿನ ಮೇಲೆ ಬಣ್ಣದ ಕಣ್ಣು, ತಾಯಂದಿರ ಹೆಸರು.
ನಾನು ಬಾಯಿ ಬಿಟ್ಟು ನಿಂತೆ.
ಅತ್ತೆ ಸಮುದ್ರಕ್ಕೆ ಬೆನ್ನು ಹಾಕಿ
ಮೀನು ಒಣಗಿಸುವ ಅಟ್ಟಣೆಗಳತ್ತ ನಡೆದಳು,
ದಾರದ ತುಂಡು ಎತ್ತಿ ಹಿಡಿದು,
ಕಳೆದುಹೋದ ಮಗುವಿನ ಫೋಟೊ ತೋರಿಸುವವಳಂತೆ.

ಐದನೆಯ ಅಟ್ಟಣೆಯ ಹಿಂದೆ ಬಿಸಾನ್ ಸಿಕ್ಕಳು.
ಮಡಿಲಲ್ಲಿ ಎಡಗೈ, ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ.
"ಒಂದು ರಾತ್ರಿ ಮಲಗಿತು," ಎಂದಳು ಅದರ ಕಡೆ ನೋಡದೆ,
"ಏಳಲಿಲ್ಲ."

ಅತ್ತೆ ಮಾತಾಡಲಿಲ್ಲ. ಡಬ್ಬದ ಮುಚ್ಚಳ ತೆಗೆದು
ಚಾಪೆಯ ಮೇಲೆ ಸುರಿದಳು: ಕಲ್ಲು.
ಕಪ್ಪು ಕಲ್ಲು, ಅಲೆ ನುಣುಪು ಮಾಡಿದ ಗುಂಡುಕಲ್ಲು,
ಚೀಲದ ತಳದಲ್ಲಿ ಮೀನಿನ ಬೆಲೆಗೆ ಬಂದವು.
"ನಿನ್ನವು. ಮೂರು ಕಿಲೊ ನಾನೂರು ಗ್ರಾಂ. ತೂಗಿದ್ದೇನೆ."

ಸುತ್ತಲಿನ ಹೆಂಗಸರೆಲ್ಲ ಕೆಲಸ ಬಿಟ್ಟರು.
ಬಿಸಾನ್ ಒಂದು ಕಲ್ಲೆತ್ತಿ ತಿರುತಿರುಗಿಸಿ ನೋಡಿದಳು.
"ಇದು ನನ್ನದಲ್ಲ. ನನ್ನ ನಾದಿನಿಯದು."
ನಗು ಯಾರಿಂದ ಶುರುವಾಯಿತೋ ಹೇಳಲಾರೆ.
ಉಳಿದ ಕಲ್ಲುಗಳಿಗೆ ಅವಳು ಆಣೆ ಇಡಲಿಲ್ಲ,
ಅತ್ತೆ ಕೇಳಲೂ ಇಲ್ಲ.

ಒಂದೇ ಬೋಗುಣಿಯಲ್ಲಿ ಉಂಡೆವು. ಮೀನಿನ ತಲೆಯನ್ನು
ಬಿಸಾನ್ ಅತ್ತೆಯ ಕಡೆಗೆ ತಳ್ಳಿದಳು.
ಆಮೇಲೆ ಬಿಸಿಲು ಇಳಿಯುವವರೆಗೆ ಇಬ್ಬರೂ ಚೀಲ ಕಟ್ಟಿದರು,
ಅತ್ತೆ ಬಾಯಿ ಒತ್ತಿ ಹಿಡಿದು, "ಎಡಕ್ಕೆ, ಇನ್ನೂ ಎಡಕ್ಕೆ" ಎಂದು
ಅವಳ ಗಂಟನ್ನು ಅವಳಿಗೇ ಕಲಿಸಿದಳು.

ಹೊರಡುವಾಗ ನಾನೇ ನೆನಪಿಸಿದೆ: "ಅತ್ತೆ, ಸಮುದ್ರ."
ತಿರುಗಿ ನಿಂತಳು. ಚಿಲ್ಲರೆ ಎಣಿಸುವಷ್ಟು ಹೊತ್ತು ನೋಡಿದಳು.
ಬಗ್ಗಿ ಒಂದು ಬೆರಳು ಅದ್ದಿ ನಾಲಗೆಗಿಟ್ಟಳು.
"ಇಷ್ಟು ಉಪ್ಪು ಬಾಗಿಲಲ್ಲೇ ಇಟ್ಟುಕೊಂಡು
ಕಲ್ಲು ಹುಡುಕಿದಳಲ್ಲ, ಪಾಪಿ."

ತಿಯೆಸ್ ದಾಟುವಾಗ ಕತ್ತಲು. ಅತ್ತೆಗೆ ನಿದ್ದೆ,
ಡಬ್ಬ ಅವಳ ತೊಡೆಯ ಮೇಲೆ.
ಮತ್ತೆ ಕಟಕಟ, ಮೆಲ್ಲಗೆ,
ಒಂದೇ ಒಂದು ಕಲ್ಲಿನಷ್ಟು.
ನಾನು ಗಾಡಿ ನಿಲ್ಲಿಸಲಿಲ್ಲ.